ದಾವಲಸಾಬರ ಕರಿ ಗ್ಲಾಸು

ಈ ಕಥೆಯ ಗುರುವಿಗೆ ಗಡ್ಡವಿತ್ತು, ತಾಳ್ಮೆ ಇರಲಿಲ್ಲ. ಮುಗುಳ್ನಗುತ್ತ ಉಪದೇಶ ಮಾಡುವ ಗುರುಗಳು ಬೇಕೆನ್ನುವವರು ಬೇರೆ ಕಥೆ ಓದಿಕೊಳ್ಳಬಹುದು.

ತುಂಗಭದ್ರೆಯ ದಂಡೆಯ ಮೇಲೆ ಒಂದು ತಗಡಿನ ಶೆಡ್ಡು, ಅದರಲ್ಲಿ ಒಂದು ವೆಲ್ಡಿಂಗ್ ಮಷಿನ್ನು. ಆಶ್ರಮ ಎಂದರೆ ಅಷ್ಟೇ. ಗುರುವಿನ ಹೆಸರು ದಾವಲಸಾಬ. ಕೆಲಸ ಕಲಿಯುವವರು ಉಸ್ತಾದ ಎನ್ನುತ್ತಿದ್ದರು.

ಉಸ್ತಾದರಿಗೆ ಇದ್ದದ್ದು ಬಲಗಣ್ಣೊಂದೇ. ಎಡಗಣ್ಣು ಹೋಗಿ ಮೂವತ್ತು ವರ್ಷವಾಗಿತ್ತು. ಹೇಗೆ ಹೋಯಿತು ಎಂದು ಕೇಳಿದವರಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು.

"ಒಬ್ಬಾಂವ ಕೂಗಲಿಲ್ಲ."

ಶಿಷ್ಯನ ಹೆಸರು ಯಮನೂರಪ್ಪ. ಇಪ್ಪತ್ತೆಂಟು ವರ್ಷದ ಗಂಡಸು, ಮದುವೆಯಾದವನು. ಉಸ್ತಾದರ ಹತ್ತಿರ ಬಂದು ನಾಲ್ಕು ವರ್ಷವಾಗಿತ್ತು.

ಮೊದಲ ದಿನ ಅವನು ಕೇಳಿದ್ದ: "ಉಸ್ತಾದ್ರೀ, ವೆಲ್ಡರ್ ಆಗಾಕ ಮೊದಲ ಏನ್ ಕಲೀಬೇಕು?"

"ನಿಂದರೂದು."

"ನಿಂದರೂದು ಬರ್ತೈತಲ್ರೀ."

ಉಸ್ತಾದರು ಅವನ ಬರಿಗಾಲು ನೋಡಿದರು. ಹೊಳೆಯ ಮರಳು ಹಸಿಯಾಗಿತ್ತು. ಮಷಿನ್ನು ಚಾಲೂ ಇತ್ತು. ರಾಡು ಹಿಡಿಯುವ ಹೋಲ್ಡರ್ ಆಗಲೇ ಅವನ ಕೈಯಲ್ಲಿತ್ತು. ಅವರು ಓಡಿಹೋಗಿ ಸ್ವಿಚ್ಚು ಆರಿಸಿದರು, ಆಮೇಲೆ ಅವನ ಹೆಗಲು ಹಿಡಿದು ದೂಡಿದರು. ಅವನು ಹೋಗಿ ತಗಡಿಗೆ ಬಡಿದ.

"ಒಣ ಹಲಗಿ ಮ್ಯಾಲ ನಿಂದರು. ಕಾಲಾಗ ಬೂಟ ಹಾಕು. ಹಸಿ ನೆಲದ ಮ್ಯಾಲ ನಿಂತಾಂವಗ ನಾ ಏನೂ ಕಲಸೂದಿಲ್ಲ. ಹೆಣಕ್ಕ ಯಾರ್ ಕಲಸ್ತಾರ?"

ಮುಂದೊಂದು ದಿನ ರೈತನೊಬ್ಬ ಸೋರುವ ಡೀಸೆಲ್ ಬ್ಯಾರೆಲ್ಲು ತಂದ. ಯಮನೂರಪ್ಪ ಅದನ್ನು ಅಲ್ಲಾಡಿಸಿ ನೋಡಿ, ರಾಡು ಕೈಗೆತ್ತಿಕೊಂಡ.

"ಒಳಗ ಏನೈತಿ?" ಉಸ್ತಾದರು ಕೇಳಿದರು.

"ಏನಿಲ್ರೀ. ಖಾಲಿ ಐತಿ."

"ಡೀಸೆಲ್ ಹೋಗೈತಿ. ಅದರ ಉಸುರು ಒಳಗ ಕುಂತೈತಿ. ನೀ ಕಿಡಿ ಹಚ್ಚಿದ್ರ ಅದು ಹೊರಗ ಬರ್ತೈತಿ, ನಿನ್ನ ತಲಿ ಕರ್ಕೊಂಡು ಹೋಗ್ತೈತಿ. ನಡಿ, ನೀರ ತಗೊಂಬಾ."

ಅವನು ಹೊಳೆಯಿಂದ ಹದಿನಾರು ಕೊಡ ನೀರು ಹೊತ್ತು ತಂದು ಬ್ಯಾರೆಲ್ಲು ತುಂಬಿದ, ಚೆಲ್ಲಿದ, ಮತ್ತೆ ತೂತಿನ ಹತ್ತಿರದವರೆಗೆ ತುಂಬಿದ. ಆಮೇಲೆಯೇ ಬೆಸುಗೆ.

ಇಂಥ ಪಾಠಗಳನ್ನು ಅವನು ಬೇಗ ಕಲಿತ. ಅವು ಅವನ ಸ್ವಂತ ಜೀವದ ಪಾಠಗಳು.

ಕೈಯಂತೂ ಬಲು ಹದಕ್ಕೆ ಬಂತು. ಬೆಸುಗೆಯ ಮೇಲೆ ಕಟ್ಟುವ ಕರಿ ಕಿಟ್ಟವನ್ನು ಸುತ್ತಿಗೆಯಿಂದ ಒಡೆದು ತೆಗೆದರೆ, ಕೆಳಗೆ ಒಂದಕ್ಕೊಂದು ಒತ್ತಿ ಜೋಡಿಸಿದ ಬಳೆಗಳ ಹಾಗೆ ಕಾಣುತ್ತಿತ್ತು. ಪಕ್ಕದೂರಿನ ಮೇಸ್ತ್ರಿಗಳು ನೋಡಲು ಬರುತ್ತಿದ್ದರು. ಅವರು ಬರುತ್ತಾರೆ ಎಂಬುದು ಅವನಿಗೂ ಗೊತ್ತಿತ್ತು, ಗೊತ್ತಾದದ್ದೇ ಕೆಟ್ಟದ್ದಾಯಿತು.

ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಕಿಡಿ ಹೊತ್ತಿಸುವ ಮೊದಲು ವೆಲ್ಡರ್ "ಕಣ್ಣು!" ಎಂದು ಕೂಗಬೇಕು. ಕೂಗಿ, ಮೂರು ಎಣಿಸಿ, ಆಮೇಲೆ ರಾಡು ತಾಗಿಸಬೇಕು. ಬೆಸುಗೆಯ ಬೆಳಕು ಬರಿಗಣ್ಣನ್ನು ಸುಡುತ್ತದೆ, ಅಷ್ಟರಲ್ಲಿ ಸುತ್ತ ಇದ್ದವರು ಮುಖ ತಿರುಗಿಸುತ್ತಾರೆ. ಬಿಸಿ ಕಿಟ್ಟ ಒಡೆಯುವಾಗಲೂ ಅದೇ ಕೂಗು. ದಿನಕ್ಕೆ ಇನ್ನೂರು ಸಲ ಹೊತ್ತಿಸಿದರೆ ಇನ್ನೂರು ಸಲ ಕೂಗು.

ಈ ಒಂದು ಪಾಠ ಯಮನೂರಪ್ಪನಿಗೆ ಹತ್ತಲಿಲ್ಲ. ಉಸ್ತಾದರು ಎದುರಿಗಿದ್ದರೆ ಕೂಗುತ್ತಿದ್ದ. ಅವರು ಅತ್ತ ಹೋದರೆ ಅವನ ಬಾಯಿ ಮುಚ್ಚುತ್ತಿತ್ತು. ಹೇಳಿ ಹೇಳಿ ಅವರ ನಾಲಿಗೆ ಸವೆಯಿತು.

ಇನ್ನೊಂದು ಪದ್ಧತಿಯೂ ಇತ್ತು. ಶಿಷ್ಯ ಪಳಗಿದ ಎನ್ನಿಸಿದ ದಿನ ಉಸ್ತಾದರು ತಮ್ಮ ಮಾಸ್ಕಿನ ಕರಿ ಗ್ಲಾಸನ್ನೇ ಬಿಚ್ಚಿ ಅವನ ಮಾಸ್ಕಿಗೆ ಕೂಡಿಸಿ ಕೊಡುತ್ತಿದ್ದರು. ಆಮೇಲೆ ಅವನು ಎಲ್ಲಿಗೆ ಬೇಕಾದರೂ ಹೋಗಬಹುದು. ದಾವಲಸಾಬರ ಗ್ಲಾಸು ಸಿಕ್ಕವನು ಎಂದರೆ ಸುತ್ತಲಿನ ಯಾವ ಕಾರ್ಖಾನೆಯಲ್ಲೂ ಬೇರೆ ಪರೀಕ್ಷೆ ಇರಲಿಲ್ಲ. ಮೂವತ್ತು ವರ್ಷದಲ್ಲಿ ಅದು ಸಿಕ್ಕಿದ್ದು ಇಬ್ಬರಿಗೆ ಮಾತ್ರ.

ಆ ವರ್ಷ ಕಾಲುವೆಗೆ ಹನ್ನೊಂದು ತೂಬಿನ ಬಾಗಿಲು ಮಾಡಿಕೊಡುವ ಕೆಲಸ ಬಂತು. ಅದೇ ಹೊತ್ತಿಗೆ ಉಸ್ತಾದರ ಮಗಳ ಬಾಣಂತನ. ಅವರು ಹದಿನೈದು ದಿನ ಮಗಳ ಊರಿಗೆ ಹೋದರು.

ಹೋಗುವ ಮುಂಚೆ ಶೆಡ್ಡಿನ ಮುಂದಿದ್ದ ತಗಡಿನ ಮರೆಯನ್ನು ಕೈಯಿಂದ ತಟ್ಟಿ ತೋರಿಸಿದರು.

"ಇದು ಇಲ್ಲೇ ಇರ್ಲಿ. ಮತ್ತ ಕೂಗು."

"ಹೂನ್ರೀ," ಎಂದ ಯಮನೂರಪ್ಪ.

ಬಾಗಿಲುಗಳು ಉದ್ದವಾಗಿದ್ದವು, ಮರೆ ಅಡ್ಡ ಬರುತ್ತಿತ್ತು. ಮಾರನೆಯ ದಿನವೇ ಅವನು ಅದನ್ನು ಕಿತ್ತು ಗೋಡೆಗೆ ಒರಗಿಸಿದ. ತಿರುಗಿ ನಿಲ್ಲಿಸಲಿಲ್ಲ. ಕೂಗಲೂ ಇಲ್ಲ.

ಶೆಡ್ಡಿನ ಎದುರಿಗೆ, ಹತ್ತೇ ಹೆಜ್ಜೆ ದೂರದಲ್ಲಿ ಹುಲಿಗೆವ್ವನ ಮಿರ್ಚಿ ಅಂಗಡಿ. ಅಂಗಡಿ ಎಂದರೆ ಒಂದು ಒಲೆ, ಒಂದು ಕಡಾಯಿ, ನಾಲ್ಕು ಗಳ, ಮೇಲೊಂದು ತಾಡಪಾಲು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ಶೆಡ್ಡಿಗೆ ಮುಖಮಾಡಿಯೇ ಕೂರುತ್ತಿದ್ದಳು. ಯಮನೂರಪ್ಪ ಅವಳನ್ನು ಅಕ್ಕ ಎನ್ನುತ್ತಿದ್ದ, ದಿನಾ ಅವಳ ಕೈಯ ಮಿರ್ಚಿಯನ್ನೇ ತಿನ್ನುತ್ತಿದ್ದ.

ಶನಿವಾರ ಬೆಳಿಗ್ಗೆ ಉಸ್ತಾದರು ಊರಿನಿಂದ ಬಂದವರು ಮೊದಲು ಹುಲಿಗೆವ್ವನ ಹತ್ತಿರ ಚಹಾ ಕುಡಿಯಲು ಕುಳಿತರು. ಅವಳ ಬಲಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ರೆಪ್ಪೆಗಳು ಬಾತಿದ್ದವು.

"ಕೈಗೆ ಏನಾತು ಹುಲಿಗೆವ್ವ?"

"ಕಡಾಯಿ ದಂಡಿ ಕಾಣಲಿಲ್ರೀ ಸಾಬ್ರ. ಎಣ್ಣ್ಯಾಗ ಹೋತು."

"ಕಣ್ಣಿಗೇನಾತು?"

"ಒಲಿ ಹೊಗಿ. ವಯಸ್ಸಾತಲ್ರೀ."

"ಯಾವಾಗ ಉರೀತಾವ? ಒಲಿ ಮುಂದ ಕುಂತಾಗೋ, ಮಲಕೊಂಡಾಗೋ?"

ಅವಳು ಸ್ವಲ್ಪ ಯೋಚಿಸಿದಳು. "ಮಲಕೊಂಡ ಮ್ಯಾಲ್ರೀ. ಯಾರೋ ಮುಷ್ಟಿಗಟ್ಲೆ ಮರಳ ಹಾಕಿ ತಿಕ್ಕಿದಂಗ. ಆಲೂಗಡ್ಡಿ ಹೋಳ ಇಟ್ಕೊಂಡು ಬೆಳಕ ಹರಸ್ತೀನಿ."

ಹೊಗೆಯಾದರೆ ಒಲೆಯ ಮುಂದೆಯೇ ಉರಿಯಬೇಕು; ಬೆಸುಗೆಯ ಬೆಳಕು ಹೊಡೆದ ಕಣ್ಣು ಉರಿಯುವುದು ರಾತ್ರಿ. ಉಸ್ತಾದರು ಚಹಾದ ಲೋಟ ಕೆಳಗಿಟ್ಟರು. ಅವಳು ಕುಳಿತ ಕಡೆಯಿಂದ ಶೆಡ್ಡಿನತ್ತ ನೋಡಿದರು. ಮರೆ ಗೋಡೆಗೆ ಒರಗಿತ್ತು. ಬೆಸುಗೆ ಹಾಕುವ ಜಾಗ ನೇರ ಎದುರಿಗೆ ಬಯಲಾಗಿ ಬಿದ್ದಿತ್ತು.

ಕಾದ ಎಣ್ಣೆಯ ಮುಂದೆ ಕುಳಿತವಳು ಸುಮ್ಮಸುಮ್ಮನೆ ಮುಖ ತಿರುಗಿಸಲಾರಳು. ಒಬ್ಬರು ಕೂಗಿದ್ದರೆ ಸೆರಗನ್ನಾದರೂ ಅಡ್ಡ ಹಿಡಿಯುತ್ತಿದ್ದಳು.

ಅವರು ಚಹಾ ಕುಡಿಯದೆ ಎದ್ದರು.

ಶೆಡ್ಡಿನಲ್ಲಿ ಯಮನೂರಪ್ಪ ಒಂಬತ್ತು ಬಾಗಿಲು ಮುಗಿಸಿ ಸಾಲಾಗಿ ನಿಲ್ಲಿಸಿದ್ದ. ಅವನ ಮುಖದಲ್ಲಿ ಹಿಗ್ಗು ತುಳುಕುತ್ತಿತ್ತು.

"ನೋಡ್ರೀ ಉಸ್ತಾದ್ರ. ಒಂದ್ ಕಡೀಗೂ ಸೂಜಿ ಹೋಗೂವಷ್ಟ ಸಂದಿಲ್ಲ."

ಉಸ್ತಾದರು ಒಂದೊಂದೇ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸುತ್ತ ಹೋದರು. ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳಿದರು. ಅವನು ಹೇಳಿದ್ದು ನಿಜವಾಗಿತ್ತು.

"ಚೊಲೋ ಅದಾವ," ಎಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ.

ಅವನಿಗೆ ಧೈರ್ಯ ಬಂತು. "ಸೋಮವಾರ ಸಕ್ಕರಿ ಕಾರ್ಖಾನಿಯವ್ರು ಜೀಪು ಕಳಸ್ತಾರಂತ್ರೀ. ನಿಮ್ಮ ಗ್ಲಾಸು ಇದ್ರ ಕಾಯಂ ಕೆಲಸ ಅಂದಾರ. ಹೆಂಡ್ತಿಗೆ ಮಾತ ಕೊಟ್ಟೀನಿ. ಕೊಡ್ರಿ."

"ಹದಿನೈದ ದಿನದಾಗ ಎಷ್ಟ ಸಲ ಕೂಗಿದಿ?"

ಅವನು ತಲೆ ಕೆರೆದುಕೊಂಡ. "ಯಾರಿಗಂತ ಕೂಗ್ಲಿರೀ? ಶೆಡ್ನ್ಯಾಗ ನಾ ಒಬ್ಬನ ಇದ್ದೆ."

"ಎದುರಿಗೆ ಹುಲಿಗೆವ್ವ ಇದ್ಲು."

"ಆಕಿ ಯಾಕ ನೋಡ್ಬೇಕ್ರೀ? ಇದು ವೆಲ್ಡಿಂಗ್ ಶೆಡ್ಡು ಅಂತ ಊರಿಗೆಲ್ಲ ಗೊತ್ತೈತಿ."

"ಆಕಿ ಕೈ ಸುಟ್ಟೈತಿ."

"ನೋಡೀನ್ರಿ, ಪಾಪ. ಅದು ಎಣ್ಣಿಯಿಂದ ಸುಟ್ಟಿದ್ದು. ನನ್ನ ಬೆಂಕಿಯಿಂದಲ್ಲ."

ಈ ಮಾತನ್ನು ಬರೆಯುವಾಗ ನನಗೇ ಮೈ ಉರಿಯುತ್ತದೆ. ಅದನ್ನು ಎದುರಿಗೆ ನಿಂತು ಕೇಳಿದವರ ಪಾಡು ಏನಿರಬೇಕು!

ಉಸ್ತಾದರು ಕೈಯಲ್ಲಿದ್ದ ಸುತ್ತಿಗೆಯನ್ನು ಬೀಸಿದರು. ಅದು ಯಮನೂರಪ್ಪನ ಕಿವಿಯ ಪಕ್ಕದಲ್ಲೇ ಹೋಗಿ ತಗಡಿನ ಗೋಡೆಗೆ ಬಡಿಯಿತು. ಹೊಳೆಯಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ತಗಡಿನ ಆ ತಗ್ಗು ಇನ್ನೂ ಹಾಗೆಯೇ ಇದೆ.

ಯಮನೂರಪ್ಪನಿಗೂ ಸಿಟ್ಟು ನೆತ್ತಿಗೇರಿತು. ಅವನು ಹಿಂದೆ ಸರಿಯಲಿಲ್ಲ.

"ಹೊಡೀರಿ! ನಾಕ ವರ್ಷ ಬೈಸಿಕೊಂಡೀನಿ, ಇದೊಂದು ಉಳಿದಿತ್ತು. ನನ್ನ ಕೆಲಸದಾಗ ತಪ್ಪ ತೋರಸ್ರಿ. ಒಂದ ತಪ್ಪ ತೋರಸ್ರಿ, ಗ್ಲಾಸು ಕೇಳೂದಿಲ್ಲ."

ಉಸ್ತಾದರು ಒಂಬತ್ತು ಬಾಗಿಲುಗಳನ್ನು ನೋಡಿದರು.

"ಬಾಗಲದಾಗ ತಪ್ಪಿಲ್ಲ."

"ಮತ್ತ ಕೊಡ್ರಿ."

ಅವರು ಗೂಟದಿಂದ ತಮ್ಮ ಮಾಸ್ಕು ತೆಗೆದರು. ಕ್ಲಿಪ್ಪು ಬಿಚ್ಚಿ ಕರಿ ಗ್ಲಾಸು ಹೊರಗೆ ಎಳೆದರು. ಲುಂಗಿಯ ಅಂಚಿನಿಂದ ಒರೆಸಿ ಅವನ ಮಾಸ್ಕಿಗೆ ಕೂಡಿಸಿದರು.

"ತಗೋ. ಇವತ್ತಿನಿಂದ ನೀ ವೆಲ್ಡರ್. ಉಳಿದ ಎರಡ ಬಾಗಲ ಮುಗಿಸಿ ಹೋಗು."

ಯಮನೂರಪ್ಪ ಕಾಲು ಮುಟ್ಟಲು ಬಗ್ಗಿದ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡು ಹೊರಗೆ ನಡೆದುಬಿಟ್ಟರು.

ಅವನಿಗೆ ಅದು ಮನಸ್ಸಿಗೆ ಹತ್ತಲಿಲ್ಲ. ಗ್ಲಾಸು ಸಿಕ್ಕಿತಲ್ಲ! ಅವನು ಹತ್ತನೆಯ ಬಾಗಿಲನ್ನು ಎಳೆದುಕೊಂಡು ಹಲಗೆಯ ಮೇಲೆ ಕೂತ. ಮಾಸ್ಕು ಇಳಿಸಿದ. ರಾಡು ತಾಗಿಸಿದ.

ಕರಿ ಗ್ಲಾಸಿನೊಳಗಿನಿಂದ ಕಾಣುವುದು ಅಂಗೈಯಷ್ಟು ಹಸಿರು ಬೆಳಕು, ಅದರ ನಡುವೆ ಕರಗುವ ಕಬ್ಬಿಣ. ಉಳಿದದ್ದೆಲ್ಲ ಕತ್ತಲೆ. ಒಂದು ರಾಡು ಮುಗಿಯಿತು. ಇನ್ನೊಂದು ಮುಗಿಯಿತು. ರಾಡು ಬದಲಿಸಲು ಮಾಸ್ಕು ಎತ್ತಿದಾಗಲೂ ಅವನ ನೋಟ ಬೆಸುಗೆಯ ಮೇಲೆಯೇ ಇರುತ್ತಿತ್ತು. ತಲೆಯೆತ್ತಿ ಎದುರಿಗೆ ನೋಡುವ ರೂಢಿ ಅವನಿಗೆ ಮೊದಲಿನಿಂದಲೂ ಇರಲಿಲ್ಲ.

ಅವತ್ತು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವನು ಒಂದು ಸಲವೂ ಕೂಗಲಿಲ್ಲ.

ಮಧ್ಯಾಹ್ನ ಹುಲಿಗೆವ್ವನ ಚೀರಾಟ ಕೇಳಿತು.

"ಯವ್ವಾ! ಸಾಬ್ರ, ಏನ್ ಮಾಡಾಕತ್ತೀರಿ! ನಿಮಗ ಇರೂದು ಒಂದ ಕಣ್ಣು!"

ಯಮನೂರಪ್ಪ ಮಾಸ್ಕು ಎತ್ತಿ ಎದುರಿಗೆ ನೋಡಿದ.

ಹುಲಿಗೆವ್ವನ ಒಲೆ ಆರಿತ್ತು. ಬೆಳಿಗ್ಗೆಯೇ ಉಸ್ತಾದರು ಅವಳನ್ನು ಮನೆಗೆ ಕಳಿಸಿ, ಅವಳ ಮಣೆಯ ಮೇಲೆ ತಾವು ಕುಳಿತಿದ್ದರು. ಅವಳು ಈಗಷ್ಟೇ ತಿರುಗಿ ಬಂದಿದ್ದಳು. ಎರಡೂ ಕೈ ಮೊಣಕಾಲ ಮೇಲಿದ್ದವು. ಮುಖಕ್ಕೆ ಏನೂ ಅಡ್ಡ ಇರಲಿಲ್ಲ. ಕಣ್ಣಿನಿಂದ ನೀರು ಸುರಿದು ಗಡ್ಡ ತೊಯ್ದಿತ್ತು. ಆದರೂ ಆ ಕಣ್ಣು ಮುಚ್ಚದೆ ಅವನನ್ನೇ ನೋಡುತ್ತಿತ್ತು.

ಹೋಲ್ಡರ್ ಅವನ ಕೈಯಿಂದ ಬಿತ್ತು. ಅವನು ಓಡಿಬಂದ.

"ಯಾವಾಗಿಂದ ಕುಂತೀರಿ?"

"ನೀ ಕೂಗದಾಗಿಂದ."

"ಯಾಕ ನೋಡಿದ್ರಿ? ಆಕಡೆ ತಿರಗಬಾರದಿತ್ತಾ?"

"ಯಾಕ ತಿರುಗ್ಲಿ? ತಿರುಗು ಅಂತ ನನಗ ಯಾರೂ ಹೇಳಲಿಲ್ಲ."

ಯಮನೂರಪ್ಪ ಅಳಬೇಕಿತ್ತು. ಅವನಿಗೆ ಬಂದದ್ದು ಸಿಟ್ಟು.

"ಇದೇನ್ ಪಾಠಾರೀ? ಆ ಸುತ್ತಿಗಿ ನನ್ನ ತಲೀಗೆ ಹೊಡೀಬೇಕಿತ್ತು! ನಿಮ್ಮ ಕಣ್ಣು ತಂದು ನನ್ನ ಕುತ್ತಿಗಿಗೆ ಕಟ್ಟಿದ್ರಿ!"

ಉಸ್ತಾದರು ಅವನಿಗಿಂತ ಜೋರಾಗಿ ಗರ್ಜಿಸಿದರು.

"ಕಟ್ಟಿದ್ದು ನಾನಲ್ಲ! ಹೋಲ್ಡರ್ ಹಿಡಿದ ದಿನಾನ ಕಟ್ಟೈತಿ. ಹುಲಿಗೆವ್ವನ ಕಣ್ಣು ಹದಿನೈದ ದಿನ ಕುತ್ತಿಗ್ಯಾಗ ಇಟ್ಕೊಂಡು ತಿರುಗಿದಿ, ನಿನಗ ಭಾರ ಹತ್ತಲಿಲ್ಲ."

ಹುಲಿಗೆವ್ವ ಅವನ ಮುಖ ನೋಡಿದಳು. ಸುತ್ತಿದ ಕೈ ಎದೆಗೆ ಒತ್ತಿಕೊಂಡಳು.

"ಹಂಗಾರ ಇದು ಒಲಿ ಹೊಗಿ ಅಲ್ಲೇನೋ ತಮ್ಮಾ?"

ಅವನು ತಲೆಯ ಮೇಲಿದ್ದ ಮಾಸ್ಕು ತೆಗೆದು ಕೆಳಗಿಟ್ಟ.

"ನಿನಗ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕಾ."

"ನನ್ನ ಕಡಾಯಿ ಮುಂದ ನಿಂತು, ನನ್ನ ಕಣ್ಣ ನೋಡಿ, ಇನ್ನೊಂದ ಪ್ಲೇಟ ಹಾಕು ಅಂದೆಲ್ಲೋ! ಆವಾಗೂ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಎಡಗೈಯಿಂದ ಅವನ ಕೆನ್ನೆಗೆ ಬಾರಿಸಿದಳು. ಆಮೇಲೆ ಉಸ್ತಾದರ ಕಡೆ ತಿರುಗಿದಳು. ಅವರನ್ನೂ ಬಿಡಲಿಲ್ಲ.

"ನಿಮಗೂ ಏನ್ ಹೇಳ್ಬೇಕ್ರೀ ಸಾಬ್ರ? ನನಗ ಒಂದ ಮಾತ ಹೇಳಿದ್ರ ನಾನ ಬಂದು ಇವನ ಮೂತಿ ತಿವೀತಿದ್ದೆ. ನಿಮ್ಮ ಗುರು-ಶಿಷ್ಯರ ಪಾಠಕ್ಕ ಬೆಂಕಿ ಹಾಕ! ಏಳ್ರಿ ಮ್ಯಾಲ."

ಉಸ್ತಾದರು ಏಳಲು ಹೋದರು. ಕೈ ಗಾಳಿಯಲ್ಲಿ ತಡಕಾಡಿತು. ಅವಳೇ ಹಿಡಿದು ಎಬ್ಬಿಸಿದಳು.

ಭಾನುವಾರ ಪಟ್ಟಣದ ಡಾಕ್ಟರು ಔಷಧ ಹಾಕಿ ಕಣ್ಣಿಗೆ ಪಟ್ಟಿ ಕಟ್ಟಿದರು. ದೃಷ್ಟಿ ಎಷ್ಟು ಉಳಿಯುತ್ತದೆ ಎಂಬುದು ಹತ್ತು ದಿನ ಕಳೆದ ಮೇಲೆಯೇ ಗೊತ್ತಾಗುತ್ತದೆ ಎಂದರು.

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಜೀಪು ಬಂದು ಶೆಡ್ಡಿನ ಮುಂದೆ ನಿಂತಿತು. ಯಮನೂರಪ್ಪ ಅದಕ್ಕೂ ಮೊದಲೇ ಬಂದಿದ್ದ. ತಗಡಿನ ಮರೆಯನ್ನು ಮತ್ತೆ ನೆಲದಲ್ಲಿ ಹೂತು ನಿಲ್ಲಿಸಿದ್ದ. ಹೊಸ ಬಟ್ಟೆ ಹಾಕಿರಲಿಲ್ಲ.

ಹುಲಿಗೆವ್ವ ಉಸ್ತಾದರ ಕೈ ಹಿಡಿದು ಕರೆತಂದಳು. ಯಮನೂರಪ್ಪ ಕರಿ ಗ್ಲಾಸನ್ನು ಬಿಚ್ಚಿ ಅವರ ಅಂಗೈಯಲ್ಲಿ ಇಟ್ಟ.

"ಏನಿದು?"

"ನಿಮ್ಮ ಗ್ಲಾಸುರೀ. ನನಗ ಇದರ ಯೋಗ್ಯತಿ ಇಲ್ಲ. ಇನ್ನ ಹೋಲ್ಡರ್ ಮುಟ್ಟೂದಿಲ್ಲ. ಊರಿಗೆ ಹೋಗಿ ಕೂಲಿ ಮಾಡ್ತೀನಿ."

ಉಸ್ತಾದರ ಮುಖ ಕೆಂಪಾಯಿತು. ನಾಲ್ಕು ವರ್ಷದಲ್ಲಿ ಅಂಥ ಸಿಟ್ಟನ್ನು ಅವನು ನೋಡಿರಲಿಲ್ಲ, ಸುತ್ತಿಗೆ ಬೀಸಿದ ದಿನವೂ ನೋಡಿರಲಿಲ್ಲ.

"ಓಡಿ ಹೋಗ್ತಿ? ನೀ ಓಡಿ ಹೋಗ್ಲಿ ಅಂತ ಕುಂತಿದ್ನೇನೋ ಅಲ್ಲಿ? ಒಬ್ಬಾಂವ ಹಿಂಗ ಓಡಿ ಹೋದ. ನನ್ನ ಎಡಗಣ್ಣಿಗೆ ಬಿಸಿ ಕಿಟ್ಟ ಹಾರಿಸಿದಾಂವ. ಮನಸ್ಸಿಗೆ ಹತ್ತೈತಿ, ಇನ್ನ ಈ ಕೆಲಸ ಬ್ಯಾಡ ಅಂದ. ಮಂದಿ ಪಾಪ ಅಂದ್ರು. ಮೂವತ್ತ ವರ್ಷದಾಗ ಒಂದ ದಿನ ಬಂದು ನನ್ನ ಮುಖ ನೋಡಲಿಲ್ಲ."

ಅವರು ಗ್ಲಾಸನ್ನು ಅವನ ಎದೆಗೆ ಒತ್ತಿದರು.

"ಹಾಕ್ಕೊ ಇದನ್ನ. ಹತ್ತನೇ ಬಾಗಲ ಅರ್ಧಕ್ಕ ಬಿದ್ದೈತಿ."

"ಜೀಪು ಬಂದೈತ್ರೀ."

"ಕಾಯ್ಲಿ."

ಯಮನೂರಪ್ಪ ಗ್ಲಾಸು ಕೂಡಿಸಿದ. ಬಾಗಿಲನ್ನು ಮರೆಯ ಹಿಂದೆ ಎಳೆದ. ಉದ್ದದ ಒಂದು ತುದಿ ಹೊರಗೆ ಉಳಿಯಿತು. ಬೂಟು ಹಾಕಿ ಒಣ ಹಲಗೆಯ ಮೇಲೆ ಕೂತು ರಾಡು ಸಿಕ್ಕಿಸಿದ. ಮಾಸ್ಕು ಇಳಿಸುವ ಮೊದಲು, ಆ ಶೆಡ್ಡಿಗೆ ಬಂದ ನಾಲ್ಕು ವರ್ಷದಲ್ಲಿ ಮೊದಲ ಸಲ, ಸುತ್ತ ನೋಡಿದ.

ಹುಲಿಗೆವ್ವ ಒಲೆ ಹೊತ್ತಿಸುತ್ತಿದ್ದಳು. ಜೀಪಿನ ಡ್ರೈವರು ಬಾನೆಟ್ಟಿಗೆ ಒರಗಿ ಬೀಡಿ ಸೇದುತ್ತಿದ್ದ. ಕೆಳಗೆ ನೀರಿನಲ್ಲಿ ಒಬ್ಬಳು ಕೌದಿ ಒಗೆಯುತ್ತಿದ್ದಳು. ಒಬ್ಬ ಮುದುಕ ಎಮ್ಮೆಯ ಮೈ ತಿಕ್ಕುತ್ತಿದ್ದ. ಇವರೆಲ್ಲ ದಿನಾ ಇಲ್ಲೇ ಇದ್ದರು.

"ಕಣ್ಣು!" ಎಂದು ಅವನು ಕೂಗಿದ. ದನಿ ಒಡೆಯಿತು.

ಹುಲಿಗೆವ್ವ ಸೆರಗು ಅಡ್ಡ ಹಿಡಿದಳು. ಡ್ರೈವರು ಬೆನ್ನು ತಿರುಗಿಸಿದ. ಕಣ್ಣಿಗೆ ಪಟ್ಟಿ ಕಟ್ಟಿದ್ದರೂ ಉಸ್ತಾದರು ಕೂಡ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಯಮನೂರಪ್ಪ ಅದನ್ನು ನೋಡಿದ. ನೋಡಿ ತಡೆದುಕೊಂಡು ಒಂದು, ಎರಡು, ಮೂರು ಎಣಿಸಿದ. ಮಾಸ್ಕು ಇಳಿಸಿ ರಾಡು ತಾಗಿಸಲು ಕೈ ಚಾಚಿದ.

"ನಿಲ್ಲಲೇ!" ಗೋಡೆಯ ಕಡೆಯಿಂದಲೇ ಉಸ್ತಾದರು ಗದರಿದರು.

"ಏನ್ರೀ ಉಸ್ತಾದ್ರ?"

"ಇನ್ನೂ ಜೋರ ಕೂಗು. ಹೊಳಿ ಆಚೀಗೂ ಮಂದಿ ಅದಾರ."